ನನಗೆ ಸಿಗದ ಸೆಲ್ಫಿ

ಹೋದ ಮಂಗಳವಾರ ಒಂದು ಹಸಿರು ಚುಕ್ಕೆಯನ್ನು ಅಟ್ಟಿಸಿಕೊಂಡು ಜಾಲಹಳ್ಳಿ ಕ್ರಾಸಿನಿಂದ ಪೀಣ್ಯ ಎರಡನೇ ಹಂತದವರೆಗೆ ಸ್ಕೂಟರ್ ಓಡಿಸಿದೆ. ಒಂದು ಸಿಗ್ನಲ್ ಜಂಪ್ ಮಾಡಿದೆ. (ಇಲ್ಲ, ಹಳದಿ ಇತ್ತು. ಹಳದಿ ಇತ್ತೆಂದೇ ನನ್ನ ನೆನಪು.) ಒಬ್ಬ ಲಾರಿ ಡ್ರೈವರ್ ನನ್ನನ್ನು ನೋಡಿ ತಮಿಳಿನಲ್ಲಿ ಏನೋ ಅಂದ. ನನಗೆ ತಮಿಳು ಬರುವುದಿಲ್ಲವಾದ್ದರಿಂದ ಹೊಗಳಿದ ಎಂದುಕೊಂಡೆ.

ಚುಕ್ಕೆ ಇದ್ದದ್ದು ನನ್ನ ಮೊಬೈಲಿನಲ್ಲಿ. ಚುಕ್ಕೆಯ ಹೆಸರು ಬಸವರಾಜ.

ನನ್ನ ಹೊಟ್ಟೆಪಾಡೇನು ಎಂದು ಈ ಅಂಕಣ ಓದುವವರಿಗೆ ಗೊತ್ತು. ಹೊಸಬರಿಗಾಗಿ ಇನ್ನೊಮ್ಮೆ ಹೇಳುತ್ತೇನೆ. ನಾನು ಹೋಸ್ ಪೈಪು ಮಾರುತ್ತೇನೆ. ಗಿಡಕ್ಕೆ ನೀರು ಬಿಡುವ ಪೈಪಲ್ಲ. ಕಾರ್ಖಾನೆಯ ಪ್ರೆಸ್ ಮೆಷಿನ್ನುಗಳಿಗೆ ಒತ್ತಡದಲ್ಲಿ ಎಣ್ಣೆ ಹರಿಸುವ ದಪ್ಪ ರಬ್ಬರ್ ಪೈಪು. ಅದು ಒಡೆದರೆ ಮೆಷಿನ್ ನಿಲ್ಲುತ್ತದೆ, ಮಾಲೀಕರ ಬಿ.ಪಿ. ಏರುತ್ತದೆ, ನನ್ನ ಫೋನ್ ಹೊಡೆದುಕೊಳ್ಳುತ್ತದೆ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ರಬ್ಬರ್ ಪೈಪಿಗೆ ಹೇಗೆ ಬಂದಳೆಂದು ಕೇಳಬೇಡಿ. ಆ ಓದಿನಿಂದ ಒಂದು ಲಾಭವಾಗಿದೆ: ಯಾರ ಸಾಕ್ಷಿಯನ್ನೂ ಸುಮ್ಮನೆ ನಂಬಬಾರದೆಂದು ಕಲಿತೆ. ಮುಖ್ಯವಾಗಿ ನನ್ನದನ್ನು.

ಕಳೆದ ವರ್ಷ ನಮ್ಮ ಕಂಪನಿ ಸೇಲ್ಸ್ ಟೀಮಿನ ಎಲ್ಲರ ಫೋನಿಗೂ ಒಂದು ಆ್ಯಪ್ ಹಾಕಿಸಿತು. ಗ್ರಾಹಕರ ಬಾಗಿಲಿಗೆ ಹೋದ ಕೂಡಲೇ ‘ಚೆಕ್ ಇನ್’ ಒತ್ತಬೇಕು. ಗ್ರಾಹಕರ ಜೊತೆ ಸೆಲ್ಫಿ ತೆಗೆದು ಏರಿಸಬೇಕು. ಸೆಲ್ಫಿ ಇಲ್ಲದಿದ್ದರೆ ನೀವು ಹೋಗಿಲ್ಲ. ಹೋಗಿದ್ದರೂ ಹೋಗಿಲ್ಲ.

ಉಪಯೋಗವಿಲ್ಲವೇ? ಇದೆ, ಬೇಕಾದಷ್ಟಿದೆ. ಮೊದಲು ಯಾರಾದರೂ ಮುಕ್ಕಾಲಿಂಚಿನ ಪೈಪು ಕೇಳಿದರೆ ‘ವಿಚಾರಿಸಿ ಹೇಳ್ತೀನಿ ಸಾರ್’ ಎಂದು ಆಫೀಸಿಗೆ ಬರುತ್ತಿದ್ದೆ. ಗೋಡೌನಿನವನು ಊಟ ಮುಗಿಸಿ ಬರುವವರೆಗೆ ಕಾಯುತ್ತಿದ್ದೆ. ಮರುದಿನ ಫೋನ್ ಮಾಡಿದರೆ ಅವರು ಇನ್ನೊಬ್ಬರ ಹತ್ತಿರ ತೆಗೆದುಕೊಂಡಿರುತ್ತಿದ್ದರು. ಈಗ ಮೆಷಿನ್ನಿನ ಎದುರು ನಿಂತೇ ಸ್ಟಾಕ್ ನೋಡಬಹುದು, ಕೊಟೇಶನ್ ಕಳಿಸಬಹುದು. ಮಾರಾಟ ಜಾಸ್ತಿಯಾಗಿದೆ. ಒಪ್ಪಿದೆ.

ಆದರೆ ಅದರಲ್ಲೊಂದು ಮ್ಯಾಪ್ ಇದೆ. ಟೀಮಿನವರೆಲ್ಲ ಈಗ ಎಲ್ಲಿದ್ದಾರೆ ಎಂದು ಚುಕ್ಕೆಗಳಲ್ಲಿ ತೋರಿಸುತ್ತದೆ. ನಮ್ಮ ಮ್ಯಾನೇಜರ್ ಪ್ರಸಾದ್ ಸಾರ್ ಅದನ್ನು ತಾವೊಬ್ಬರೇ ನೋಡಿಕೊಂಡು ಸುಮ್ಮನಿರಬಹುದಿತ್ತು. ‘ಟೀಮ್ ಸ್ಪಿರಿಟ್ ಬೆಳೀಲಿ’ ಎಂದು ಎಲ್ಲರಿಗೂ ತೆರೆದಿಟ್ಟರು.

ಬೆಳೆದದ್ದು ಬೇರೆ.

ಬಸವರಾಜ ಗದಗದ ಕಡೆಯ ಹುಡುಗ. ಸಿಂಗಸಂದ್ರದಲ್ಲಿ ರೂಮು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ ಅವನ ಏರಿಯಾ. ಪೀಣ್ಯ ನನ್ನದು. ನಡುವೆ ಇಡೀ ಬೆಂಗಳೂರು ಇದೆ, ಅದರ ಟ್ರಾಫಿಕ್ ಇದೆ. ನಾವಿಬ್ಬರೂ ಜಗಳವಾಡಲು ಭೂಗೋಳದಲ್ಲಿ ಕಾರಣವೇ ಇಲ್ಲ. ಆದರೂ ದಿನಾ ಬೆಳಗ್ಗೆ ಪೀಣ್ಯದ ಟೀ ಅಂಗಡಿಯ ಕಲ್ಲುಬೆಂಚಿನ ಮೇಲೆ ಕೂತು ನಾನು ಅವನ ಚುಕ್ಕೆ ನೋಡುತ್ತೇನೆ. ನನ್ನ ಟೀ ಆರುವುದರೊಳಗೆ ಅದು ಒಂದು ಫ್ಯಾಕ್ಟರಿ ಮುಗಿಸಿ ಇನ್ನೊಂದರ ಗೇಟಿಗೆ ಹೋಗಿರುತ್ತದೆ. ಇವನು ತಿಂಡಿ ತಿನ್ನುವುದಿಲ್ಲವೇ? ಇವನ ಬೈಕಿಗೆ ಪಂಕ್ಚರ್ ಎಂಬುದು ಆಗುವುದಿಲ್ಲವೇ? ಒಂದು ದಿನ ಚುಕ್ಕೆ ಬೊಮ್ಮನಹಳ್ಳಿಯಲ್ಲಿ ಬಹಳ ಹೊತ್ತು ಅಲ್ಲಾಡಲಿಲ್ಲ. ನನಗೆ ಎಷ್ಟು ಸಮಾಧಾನವಾಯಿತೆಂದರೆ ಇನ್ನೊಂದು ಟೀ ಹೇಳಿದೆ. ನೋಡಿದರೆ ಪಂಕ್ಚರ್ ಅಲ್ಲ, ದೊಡ್ಡ ಆರ್ಡರ್.

ನಗಬೇಡಿ. ನೀವು ನೋಡುವುದಿಲ್ಲವೇ? ಊಟ ತರುವವನ ಬೈಕು ಬ್ರೂಕ್‌ಫೀಲ್ಡಿನ ತಿರುವಿನಲ್ಲಿ ಯಾಕೆ ನಿಂತಿದೆ, ಮಗಳ ಸ್ಕೂಲ್ ಬಸ್ಸು ಯಾಕಿನ್ನೂ ಮಹದೇವಪುರದಲ್ಲಿದೆ, ನಾದಿನಿ ಆನ್‌ಲೈನ್ ಇದ್ದೂ ಯಾಕೆ ಉತ್ತರ ಕೊಡಲಿಲ್ಲ? ಕಾಣುವ ಹಾಗೆ ಇಟ್ಟರೆ ನೋಡುತ್ತೇವೆ. ನೋಡಿದರೆ ಉರಿಯುತ್ತದೆ. ಉರಿದರೆ ಮತ್ತೆ ನೋಡುತ್ತೇವೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಆದರೆ ನಡುವೆ ನಂಜುಂಡಪ್ಪನವರು ಬಂದರು.

ನಂಜುಂಡಪ್ಪನವರು ನನ್ನ ಮೊದಲ ಗ್ರಾಹಕರು. ಪೀಣ್ಯದಲ್ಲಿ ಅವರದೊಂದು ಪ್ರೆಸ್ ಶಾಪ್ ಇದೆ, ತಗಡು ಒತ್ತಿ ಕಾರಿನ ಬಿಡಿಭಾಗ ಮಾಡುತ್ತಾರೆ. ಅದೇ ಜಾಗದಲ್ಲಿ ಅವರ ತಂದೆ ರಾಗಿ ಬೆಳೆಯುತ್ತಿದ್ದರಂತೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿ, ಪೈಪಿನ ಒಳಅಳತೆ ಹೊರಅಳತೆ ಗೊತ್ತಿಲ್ಲದೆ ಬೆವರುತ್ತಿದ್ದ ಕಾಲದಲ್ಲಿ ಕುರ್ಚಿ ತೋರಿಸಿ ‘ಕೂತ್ಕೊಳಮ್ಮ’ ಎಂದವರು ಅವರೊಬ್ಬರೇ. ಅವರೀಗ ಬೊಮ್ಮಸಂದ್ರದಲ್ಲಿ ಎರಡನೇ ಯೂನಿಟ್ ತೆರೆಯುತ್ತಿದ್ದಾರೆ. ಹಳೆಯ ಯೂನಿಟ್ ನನ್ನ ಏರಿಯಾ, ಹೊಸದು ಬಸವರಾಜನ ಏರಿಯಾ. ಪ್ರಸಾದ್ ಸಾರ್ ಮೀಟಿಂಗಿನಲ್ಲಿ ಹೇಳಿಬಿಟ್ಟರು: “ಒಬ್ಬ ಕಸ್ಟಮರ್‌ಗೆ ಒಬ್ಬರೇ ಸೇಲ್ಸ್ ಪರ್ಸನ್. ಎರಡೂ ಯೂನಿಟ್ ಒಂದೇ ಕೈಯಲ್ಲಿರ್ಲಿ. ಯಾರು ಅಂತ ಈ ವಾರ ಡಿಸೈಡ್ ಮಾಡ್ತೀನಿ.”

ಅಂದರೆ ನನಗೆ ಬೊಮ್ಮಸಂದ್ರ ಸಿಗಬೇಕು, ಇಲ್ಲವೇ ಅವನಿಗೆ ನಂಜುಂಡಪ್ಪ ಸಿಗಬೇಕು. ನನಗೆ ಬೊಮ್ಮಸಂದ್ರ ಬೇಕಿರಲಿಲ್ಲ. ನಂಜುಂಡಪ್ಪನವರು ಹೋಗಬಾರದಿತ್ತು.

ಮಂಗಳವಾರ ಮ್ಯಾಪ್ ತೆರೆದರೆ ಬಸವರಾಜನ ಚುಕ್ಕೆ ಎಲೆಕ್ಟ್ರಾನಿಕ್ ಸಿಟಿಯಲ್ಲಿಲ್ಲ. ಪೀಣ್ಯದಲ್ಲಿದೆ. ನಂಜುಂಡಪ್ಪನವರ ಗೇಟಿನೊಳಗಿದೆ. ಆಗ ಓಡಿಸಿದ್ದು ಸ್ಕೂಟರ್.

ಪ್ರೆಸ್ಸುಗಳ ಧಡ್ ಧಡ್ ನಡುವೆ ಶೆಡ್ಡು ದಾಟಿ ಅವರ ಗಾಜಿನ ಕ್ಯಾಬಿನ್ನಿನ ಬಾಗಿಲು ತೆರೆದೆ. ಒಳಗೆ ನಂಜುಂಡಪ್ಪನವರು ತಲೆ ಬಾಚಿಕೊಳ್ಳುತ್ತಿದ್ದರು. ಬಸವರಾಜ ಕೈ ಚಾಚಿ ಮೊಬೈಲ್ ಹಿಡಿದಿದ್ದ.

“ಅಲ್ಲು ಕಾಣ್ತದೇನೋ?” ನಂಜುಂಡಪ್ಪನವರು ಹಲ್ಲು ಕಿರಿದು ಕೇಳಿದರು.

“ಕಾಣಾಕತ್ತಾವ್ರಿ ಸಾಹೇಬ್ರ. ಒಂಚೂರು ಈ ಕಡಿ ಬರ್ರಿ, ಮಾರಿ ಮ್ಯಾಲೆ ಬೆಳಕು ಬೀಳ್ಲಿ.”

ಬಂದರು. ಹೆಗಲ ಮೇಲೆ ಕೈ ಬೇರೆ ಹಾಕಿದರು. ಫೋಟೋ ಆಯಿತು. ಆಮೇಲೆ ನನ್ನ ಕಡೆ ತಿರುಗಿ, “ಬಾರಮ್ಮ. ಇವ್ನೂ ನಿಮ್ ಕಂಪ್ನಿಯೋನೇ ಅಂತೆ. ಚೂಟಿ ಅವ್ನೆ” ಎಂದರು.

ಈಗ ನಿಮಗೊಂದು ವಿಷಯ ಹೇಳಬೇಕು. ನಂಜುಂಡಪ್ಪನವರ ಜೊತೆ ನನ್ನದೊಂದೂ ಸೆಲ್ಫಿ ಇಲ್ಲ. ಆ್ಯಪ್ ಬಂದ ಹೊಸದರಲ್ಲಿ ಕೇಳಿದ್ದೆ. “ನನ್ ಮುಖ ನಿಮ್ ಸಾಹೇಬ್ರಿಗ್ಯಾಕಮ್ಮ? ನಾನೇನು ಪೊಲೀಸ್ ಸ್ಟೇಷನ್ನಾಗೆ ಹಾಜರಿ ಆಕೋನಾ?” ಎಂದಿದ್ದರು. ಅವರ ಮರ್ಯಾದೆ ದೊಡ್ಡದೆಂದು ನಾನು ಮತ್ತೆ ಆ ಮಾತೆತ್ತಲಿಲ್ಲ. ಚೆಕ್ ಇನ್ ಒತ್ತದೆಯೇ ಹೋಗುತ್ತಿದ್ದೆ, ಕಾಫಿ ಕುಡಿದು ಬರುತ್ತಿದ್ದೆ. ಅವರ ಸ್ಟೋರ್ಸಿನವನು ನೇರ ಆಫೀಸಿಗೆ ಫೋನ್ ಮಾಡಿ ಆರ್ಡರ್ ಕೊಡುತ್ತಿದ್ದ. ಸಂಬಂಧ ಅಂದರೆ ಹೀಗಿರಬೇಕು ಎಂದು ಹೆಮ್ಮೆಪಡುತ್ತಿದ್ದೆ.

“ನಾನು ಕೇಳ್ದಾಗ ಬೇಡ ಅಂದಿದ್ರಿ ಸಾರ್,” ಎಂದೆ. ದನಿ ಸ್ವಲ್ಪ ಸಣ್ಣದಾಗಿಯೇ ಬಂತು.

“ನೀನ್ ಯಾವಾಗ್ ಕೇಳ್ದೆ?”

“ಕೇಳಿದ್ದೆ ಸಾರ್. ಪೊಲೀಸ್ ಸ್ಟೇಷನ್ ಅಂತೇನೋ ಅಂದ್ರಿ.”

“ನಾನಾ? ಅಂಗೆಲ್ಲ ಅಂತೀನಾ ನಾನು? ಪೋಟೋ ತೆಗಿಸ್ಕೊಳಕ್ಕೆ ನಂಗೇನ್ ನಾಚ್ಕೆನಮ್ಮ, ಮೊಮ್ಮಗಳು ದಿನಾ ತೆಗೀತಾಳೆ.”

ಆ ಪೊಲೀಸ್ ಸ್ಟೇಷನ್ನಿನ ಮಾತು, ಆ ದನಿ, ಮೇಜಿನ ಮೇಲಿದ್ದ ಸ್ಪ್ಯಾನರ್ ಕೂಡ ನನಗೆ ನೆನಪಿದೆ. ಇಷ್ಟೊಂದು ವಿವರ ನೆನಪಿರುವುದೇ ಈಗ ಅನುಮಾನಕ್ಕೆ ಕಾರಣ. ಕೇಳಿದರೆ ಹೀಗೆ ಅನ್ನಬಹುದೆಂದು ಅವರ ಕುರ್ಚಿಯೆದುರು ಕೂತು ನಾನೇ ಊಹಿಸಿದೆನೇ? ಊಹಿಸಿ, ಕೇಳದೆ ಎದ್ದು ಬಂದು, ಅದನ್ನೇ ಅವರ ಬಾಯಿಗೆ ಹಾಕಿದೆನೇ? ಮನೆಗೆ ಬಂದು ಆ ತಿಂಗಳ ಡೈರಿ ನೋಡಿದೆ. ‘ವಿಪರೀತ ಬಿಸಿಲು, ನಂಜುಂಡಪ್ಪನವರಲ್ಲಿ ಕಾಫಿ’ ಎಂದಿದೆ. ಕಾಫಿಯನ್ನು ಬರೆದವಳು ಅಷ್ಟು ಒಳ್ಳೆಯ ಮಾತನ್ನು ಬರೆಯದೆ ಬಿಡುತ್ತಿದ್ದೆನೇ?

ಕ್ಯಾಬಿನ್ನಿಗೆ ವಾಪಸ್ ಹೋಗೋಣ. “ನೀನು ಇಲ್ಲಿಗ್ಯಾಕೆ ಬಂದೆ?” ಎಂದು ಬಸವರಾಜನನ್ನು ಕೇಳಿದೆ.

“ಆ್ಯಪ್‌ನಾಗ ಓಪನ್ ಅಂತ ತೋರ್ಸಿತ್ರಿ ಅಕ್ಕಾರ. ಭಾಳ ತಿಂಗಳಾತು, ಯಾರೂ ಹೋಗಿಲ್ಲ ಅಂತ. ಹೆಂಗೂ ಬೊಮ್ಮಸಂದ್ರಕ್ಕ ಯೂನಿಟ್ ಬರಾಕತ್ತೈತಿ, ಮಾಲಕರ್ನ ಒಮ್ಮಿ ಕಂಡು ಹೋಗೋಣು ಅಂತ ಬಂದ್ನಿ.”

ಭೇಟಿ ದಾಖಲಾಗದ ಗ್ರಾಹಕರ ಬಳಿಗೆ ಟೀಮಿನ ಯಾರು ಬೇಕಾದರೂ ಹೋಗಬಹುದು, ಇದು ನಮ್ಮಲ್ಲಿ ನಿಯಮ. ಅದನ್ನು ಹೇಳಿದ ಮೀಟಿಂಗಿನಲ್ಲಿ ನಾನಿದ್ದೆ. ಮೊಬೈಲಿನಲ್ಲಿ ಏನೋ ನೋಡುತ್ತಿದ್ದೆ. ಏನೆಂದು ನಿಮಗೇ ಗೊತ್ತು.

“ಯಾರೂ ಹೋಗಿಲ್ಲ ಅಂದ್ರೆ? ನಾನು ವಾರಾ ವಾರಾ ಬರ್ತೀನಿ. ಹೇಳಿ ಸಾರ್,” ಎಂದು ನಂಜುಂಡಪ್ಪನವರ ಮುಖ ನೋಡಿದೆ. ಅವರು ಕಾಫಿ ಲೋಟವನ್ನು ಸುಮ್ಮನೆ ತಿರುಗಿಸಿದರು.

“ಮೊದ್ಲು ಬತ್ತಿದ್ದೆ ಕಣಮ್ಮ. ಈಚೀಚೆಗೆ ಎಲ್ ಬಂದೆ? ಗಣಪತಿ ಅಬ್ಬ ಆದ್ಮೇಲೆ ನೋಡಿದ್ ಗ್ಯಾಪ್ಕ ಇಲ್ಲ ನಂಗೆ.”

ಬಂದಿದ್ದೇನೆ. ಬಂದೇ ಇರಬೇಕು. ಅವರಿಗೆ ವಯಸ್ಸಾಯಿತು, ಮರೆತಿರಬಹುದು. ಆ್ಯಪ್ ಅಂತೂ ಸೆಲ್ಫಿ ಇಲ್ಲದ್ದನ್ನು ನಂಬುವುದೇ ಇಲ್ಲ. ಮೂರನೆಯ ಸಾಕ್ಷಿ ನಾನು. ಅವರಲ್ಲಿಗೆ ಹೋಗುವ ಬೆಳಗಿನ ಹೊತ್ತು ಈಚೆಗೆ ಎಲ್ಲಿ ಹೋಗುತ್ತಿತ್ತೆಂದು ನೆನೆದಾಗ ನನಗೆ ಕ್ಯಾಬಿನ್ನು ಕಾಣಿಸಲಿಲ್ಲ, ಕಲ್ಲುಬೆಂಚು ಕಾಣಿಸಿತು.

ಹೊರಗೆ ಬಂದು ಇಬ್ಬರೂ ಅದೇ ಟೀ ಅಂಗಡಿಗೆ ಹೋದೆವು. ಬಸವರಾಜ ಟೀ ಮುಟ್ಟಲಿಲ್ಲ.

“ಅಕ್ಕಾರ, ಸಿಟ್ಟಾಗಬ್ಯಾಡ್ರಿ. ನೀವಿನ್ನೂ ಬಂದು ಹೋಗ್ತೀರಿ ಅಂತ ಗೊತ್ತಿದ್ರ ಬರ್ತಿದ್ದಿಲ್ರಿ.”

“ಸಿಟ್ಟೇನಿಲ್ಲಪ್ಪ.”

“ಖರೇ ಹೇಳ್ಲೇನ್ರಿ? ನಾನೂ ದಿನಾ ನಿಮ್ಮ ಚುಕ್ಕಿ ನೋಡ್ತೀನ್ರಿ. ಮುಂಜಾನೆ ಒಂದ ಕಡಿ ಕುಂತ್ರ ಅಳ್ಳಾಡಂಗಿಲ್ಲ. ನಂಗ ಗೇಟಿನ್ಯಾಗ ನಿಂದ್ರಿಸಿ ಮಾತಾಡಿ ಕಳಸ್ತಾರ, ಕುಂದ್ರು ಅನ್ನಾವ್ರಿಲ್ಲ. ಅಕ್ಕಾರ್ನ ಅಷ್ಟೊತ್ತು ಕುಂದ್ರಿಸ್ಕೊಂಡು ಮಾತಾಡೋ ಗಿರಾಕಿ ಯಾರಿರಬೇಕು ಅಂತ ಹೊಟ್ಟಿ ಉರೀತಿತ್ರಿ ನಂಗ.”

ನಾವಿಬ್ಬರೂ ಕೂತಿದ್ದದ್ದು ಆ ಬೆಂಚಿನ ಮೇಲೆಯೇ.

“ಹಳೇ ಕಸ್ಟಮರ್ಸು ಕಣೋ. ಬಿಡೋದೇ ಇಲ್ಲ,” ಎಂದೆ. ನಿಜ ಹೇಳಿ ಅವನ ಹೊಟ್ಟೆಯುರಿ ಆರಿಸುವಷ್ಟು ಒಳ್ಳೆಯವಳಲ್ಲ ನಾನು. ಯಾರೋ ಒಬ್ಬರಾದರೂ ನನ್ನನ್ನು ನೋಡಿ ಕರುಬುತ್ತಿದ್ದರಲ್ಲ!

ಶುಕ್ರವಾರ ಪ್ರಸಾದ್ ಸಾರ್ ಕರೆದರು. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದರು.

“ಬೇಜಾರ್ ಮಾಡ್ಕೋಬೇಡಿ ಮೇಡಂ. ಡೇಟಾ ನೋಡಿ. ನಿಮ್ಮಿಂದ ವಿಸಿಟ್ಟೇ ಇಲ್ಲ, ಆದ್ರೂ ಆರ್ಡರ್ ಬರ್ತಾ ಇದೆ.”

“ಅದೇ ಸಾರ್ ಸಂಬಂಧ ಅಂದ್ರೆ.”

“ಅಲ್ಲ ಮೇಡಂ. ಯಾರೂ ಹೋಗದೇ ಇದ್ರೂ ಬರೋ ಆರ್ಡರ್ ಅಂತ ಅರ್ಥ. ಹೋದ್ರೆ ಇನ್ನೂ ಎಷ್ಟು ಬರಬಹುದಿತ್ತು?”

ಇದಕ್ಕೆ ಏನು ಹೇಳುತ್ತೀರಿ? ನಂಜುಂಡಪ್ಪನವರ ಎರಡೂ ಯೂನಿಟ್ ಬಸವರಾಜನ ಪಾಲಾದವು. ಸಂಜೆಯೊಳಗೆ ಆ್ಯಪಿನ ನನ್ನ ಗ್ರಾಹಕರ ಸಾಲಿನಿಂದ ಅವರ ಹೆಸರು ಮಾಯವಾಯಿತು. ಕಳಿಸಿಕೊಡುವ ಶಾಸ್ತ್ರವೂ ಇಲ್ಲ, ನೋಡಿದರೆ ಹೆಸರೇ ಇಲ್ಲ.

ಶನಿವಾರ ಬೆಳಗ್ಗೆ ಹೋದೆ. ಯಾಕೆ ಹೋದೆ ಎಂದರೆ ಕಾರಣ ಗೊತ್ತಿಲ್ಲ. ನಂಜುಂಡಪ್ಪನವರು ಅದನ್ನೇ ಕೇಳಿದರು.

“ಇನ್ಮೇಲೆ ಆ ವುಡ್ಗ ಬತ್ತಾನೆ ಅಂತ ನಿಮ್ ಸಾಹೇಬ್ರು ಪೋನ್ ಮಾಡಿದ್ರು. ನೀನ್ ಈಗೇನ್ ಮಾರಂಗಿಲ್ವಲ್ಲ, ಯಾಕಮ್ಮ ಬಂದೆ?”

“ಕಾಫಿಗೆ ಸಾರ್.”

“ಕುಡಿ, ಕುಡಿ. ಅದುಕ್ಕೇನಂತೆ.”

ಕಾಫಿ ಬಂತು. ಮೊಮ್ಮಗಳ ಡ್ಯಾನ್ಸ್ ಕ್ಲಾಸಿನ ಬಗ್ಗೆ, ಬೊಮ್ಮಸಂದ್ರದ ಶೆಡ್ಡಿಗೆ ಇನ್ನೂ ಕರೆಂಟ್ ಕನೆಕ್ಷನ್ ಸಿಗದಿರುವ ಬಗ್ಗೆ ಮಾತಾಡಿದೆವು. ಎಷ್ಟು ಬೇಡವೆಂದುಕೊಂಡರೂ ಕೇಳಿಬಿಟ್ಟೆ: “ಬಸವರಾಜ ಮತ್ತೆ ಬಂದಿದ್ನಾ ಸಾರ್?”

“ಇಲ್ಲ ಕಣಮ್ಮ. ಅವ್ನ್ಯಾಕ್ ಬರ್ಬೇಕು, ವಾಟ್ಸಾಪ್ನಾಗೆ ಇರ್ತಾನಲ್ಲ.”

ಬಂದಿಲ್ಲ. ನೋಡಿದಿರಾ? ಎದುರು ಕೂತು ಕಾಫಿ ಕುಡಿಯುವುದು ನಾನೇ. ಎಷ್ಟೋ ದಿನದ ಮೇಲೆ ನನಗೆ ಹಾಯೆನಿಸಿತು.

ಆಗ ಅವರ ಫೋನು ಟಿಂಗ್ ಎಂದಿತು. ಕನ್ನಡಕವನ್ನು ಹಣೆಗೇರಿಸಿ, ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಓದಿದರು. “ಇವ್ನ” ಎಂದು ನಗತೊಡಗಿದರು. ಹೆಗಲು ಕುಲುಕುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಇಷ್ಟು ವರ್ಷದಲ್ಲಿ ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕಿರಲಿಲ್ಲ. ಈ ವಿಷಯದಲ್ಲಿ ಮಾತ್ರ ನನ್ನ ನೆನಪಿನ ಮೇಲೆ ನನಗೆ ಪೂರ್ತಿ ನಂಬಿಕೆಯಿದೆ. ನಗು ನಿಂತ ಮೇಲೆ ಫೋನನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಕಣ್ಣೊರೆಸಿಕೊಂಡು, “ಏನ್ ಹೇಳ್ತಿದ್ದೆ ನೀನು?” ಎಂದರು.

ಅವನು ಏನು ಬರೆದಿದ್ದ ಎಂದು ನಾನು ಕೇಳಲಿಲ್ಲ. ನೀವಾಗಿದ್ದರೆ ಕೇಳುತ್ತಿದ್ದಿರಾ?