ವರ್ನಾ ಗೆದ್ದ ಕಾರ್ಡುಗಳು

ನಮ್ಮೂರು ಹಾರ್ಲನ್ಸ್‌ವಿಲ್ಲಿನಲ್ಲಿ ವರ್ನಾ ಕೊಸ್ಟೆಲ್ನಿಕ್‌ಳ ಮಾತಿಗೆ ಎದುರಾಡಿ ದಕ್ಕಿಸಿಕೊಂಡವರಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಸೌಟು ಹಿಡಿದೇ ಆಯಸ್ಸು ಕಳೆದವಳು. ತಟ್ಟೆಯಲ್ಲಿ ಬಟಾಣಿ ಬಿಟ್ಟು ಏಳಲು ಹೊರಟ ಹುಡುಗರನ್ನು ಬರೀ ಕಣ್ಣಿನಲ್ಲೇ ಮತ್ತೆ ಕೂರಿಸುತ್ತಿದ್ದಳು. ನಿವೃತ್ತಿಯಾದಾಗ ಸೌಟು ಕೆಳಗಿಟ್ಟಳೇ ಹೊರತು ಕೊರಳಿನ ಸೀಟಿ ತೆಗೆಯಲಿಲ್ಲ. ನದಿ ಪಕ್ಕದ ಮೈದಾನದಲ್ಲಿ ಬೇಸ್‌ಬಾಲಿನ ಹಾಗೆಯೇ ಆಡುವ ಸಾಫ್ಟ್‌ಬಾಲಿನ, ಊರಿನ ಹುಡುಗಿಯರ ತಂಡಕ್ಕೆ ಅವಳೇ ಕೋಚು, ಅವಳೇ ಡ್ರೈವರು, ಗಾಯವಾದರೆ ಅವಳೇ ನರ್ಸು. ಎಪ್ಪತ್ತು ದಾಟಿ ವರ್ಷಗಳೇ ಆಗಿದ್ದರೂ ಯಾರಾದರೂ ಚೆಂಡು ಬಿಟ್ಟರೆ ಅವಳ ಗದರಿಕೆ ಸೇತುವೆಯಾಚೆಗೂ ಕೇಳುತ್ತಿತ್ತು.

ಆ ವರ್ಷ ಹಿಮ ಕರಗುವ ಹೊತ್ತಿಗೆ ನದಿ ಉಕ್ಕಿ ಮೈದಾನದ ಮೇಲೆ ಹರಿಯಿತು. ಆಟಗಾರ್ತಿಯರು ಕೂರುವ ಮಾಡು ಕುಸಿಯಿತು. ಬ್ಯಾಟು ಬೀಸುವವರ ಬೆನ್ನ ಹಿಂದೆ ನಿಂತಿದ್ದ ಎತ್ತರದ ಕಬ್ಬಿಣದ ಜಾಲರಿ ಬುಡ ಮುರಿದು ಮಲಗಿತು. ಪಟ್ಟಣ ಸಭೆಯವರು ಬಂದು ನೋಡಿ, ಮೇ ತಿಂಗಳೊಳಗೆ ಇದೆಲ್ಲ ಸರಿಯಾಗದಿದ್ದರೆ ಈ ಸಲ ಆಟವಿಲ್ಲ, ಬೊಕ್ಕಸದಲ್ಲಿ ಕಾಸೂ ಇಲ್ಲ ಎಂದು ಕೈ ತೊಳೆದುಕೊಂಡರು. ಒಂದು ಸಲ ಆಟ ನಿಂತರೆ ಹುಡುಗಿಯರು ಚದುರಿ ಹೋಗುತ್ತಾರೆ, ತಂಡ ಮತ್ತೆ ಕೂಡುವುದಿಲ್ಲ ಎಂದು ವರ್ನಾಗೆ ಗೊತ್ತಿತ್ತು. ಮನೆಗೆ ಬಂದವಳೇ ಅಟ್ಟ ಹತ್ತಿ ಚಿಪ್ಸ್ ತುಂಬಿಡುವ ಹಳೆಯ ತಗಡಿನ ಡಬ್ಬಿಯೊಂದನ್ನು ಇಳಿಸಿದಳು.

ಡಬ್ಬಿಯ ತುಂಬ ಬೇಸ್‌ಬಾಲ್ ಕಾರ್ಡುಗಳಿದ್ದವು. ಒಂದು ಕಾಲಕ್ಕೆ ಬಬಲ್‌ಗಮ್ಮಿನ ಜೊತೆ ಬರುತ್ತಿದ್ದ, ಆಟಗಾರರ ಚಿತ್ರವಿರುವ ರಟ್ಟಿನ ಚೂರುಗಳು. ಅವುಗಳಲ್ಲಿ ಅವಳು ದುಡ್ಡು ಕೊಟ್ಟು ಕೊಂಡದ್ದು ಕಡಿಮೆ. ಹುಡುಗಿಯಾಗಿದ್ದಾಗ ಮೈದಾನಕ್ಕೆ ಕಾಲಿಡಲು ಹುಡುಗರು ಬಿಡುತ್ತಿರಲಿಲ್ಲ. ಅಗ್ನಿಶಾಮಕ ಠಾಣೆಯ ಹಿಂಗೋಡೆಯ ಬಳಿ ಮಾತ್ರ ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ. ಗೆರೆಯ ಮೇಲೆ ನಿಂತು ಕಾರ್ಡನ್ನು ಗೋಡೆಯತ್ತ ಚಿಮ್ಮಬೇಕು, ಯಾರದು ಗೋಡೆಗೆ ಹತ್ತಿರವೋ ಅವರಿಗೆ ಎರಡೂ ಕಾರ್ಡು. ಗೆದ್ದದ್ದನ್ನು ಹಿಂದಿರುಗಿಸುವ ಮಾತೇ ಇಲ್ಲ. ಪ್ರತಿ ಹುಡುಗನೂ ತನ್ನ ಕಾರ್ಡಿನ ಹಿಂದೆ ಬಾಲ್‌ಪೆನ್ನಿನಲ್ಲಿ ಹೆಸರಿನ ಮೊದಲಕ್ಷರ ಬರೆದಿರುತ್ತಿದ್ದ. ಗೆದ್ದವರು ಅದಕ್ಕೆ ಗೀಟು ಹಾಕಿ ಕೆಳಗೆ ತಮ್ಮದನ್ನು ಬರೆಯುವುದು ಪದ್ಧತಿ. ದಿನಾ ಪಾತ್ರೆ ತೊಳೆದ ಮೇಲೆ ಅಡುಗೆಮನೆಯ ಗೋಡೆಗೆ ಚಿಮ್ಮಿ ಚಿಮ್ಮಿ ಕೈ ಪಳಗಿಸಿಕೊಂಡಿದ್ದ ವರ್ನಾ, ಎರಡು ಬೇಸಿಗೆಗಳಲ್ಲಿ ಇಡೀ ಬೀದಿಯ ಹುಡುಗರನ್ನು ಬರಿಗೈ ಮಾಡಿದಳು. ಆ ಮೇಲೆ ಹುಡುಗರು ಸೈನ್ಯಕ್ಕೋ ಕಾಲೇಜಿಗೋ ಹೋದರು, ಅವರ ತಾಯಂದಿರು ಕೋಣೆ ಗುಡಿಸುವಾಗ ಅಳಿದುಳಿದ ಕಾರ್ಡುಗಳನ್ನೆಲ್ಲ ಕಸಕ್ಕೆ ಹಾಕಿದರು. ಬೀದಿಯಲ್ಲಿ ಉಳಿದದ್ದು ವರ್ನಾಳ ಡಬ್ಬಿಯೊಂದೇ.

ಜಿಲ್ಲಾ ಕೇಂದ್ರದಲ್ಲಿ ಕಾರ್ಡು ವ್ಯಾಪಾರಿಯೊಬ್ಬನಿದ್ದ. ಡಬ್ಬಿಯ ಮುಚ್ಚಳ ತೆಗೆದಾಗ ಅವನ ಮುಖ ಅರಳಿತು. ಮೊದಲ ಕಾರ್ಡನ್ನು ಚಿಮಟದಲ್ಲಿ ಹಿಡಿದು ಅಂಚು ನೋಡಿದ, ಮೂಲೆ ನೋಡಿದ, ಉಸಿರು ಬಿಗಿಹಿಡಿದು ತಿರುಗಿಸಿದ. ಹಿಂಬದಿಯ ಪೆನ್ನಿನ ಗೀಟು ಕಂಡದ್ದೇ ಸತ್ತವರ ಮನೆಗೆ ಬಂದವನ ಹಾಗೆ ಸಪ್ಪಗಾದ. ಎರಡನೆಯದೂ ಹಾಗೇ, ಹತ್ತನೆಯದೂ ಹಾಗೇ.

"ಶಾಯಿ ಬೀಳದೆ ಇದ್ದಿದ್ರೆ ಇದ್ರಲ್ಲಿ ಒಂದು ಹೊಸಾ ಕಾರು ಬರ್ತಿತ್ತಮ್ಮಾ," ಎಂದ. "ಈಗ ಕಾಫಿ ಖರ್ಚಿಗಾಗುತ್ತೆ, ಅಷ್ಟೆ."

ವರ್ನಾ ಮುಚ್ಚಳ ಹಾಕಿದಳು. ವಾಪಸು ಬರುವ ದಾರಿಯಲ್ಲಿ ಒಂದೆಡೆ ಗಾಡಿ ನಿಲ್ಲಿಸಿ ಅತ್ತಳಂತೆ. ಇದನ್ನು ಅವಳು ಯಾರಿಗೂ ಹೇಳಿಕೊಳ್ಳಲಿಲ್ಲ, ಆದರೆ ಆ ದಾರಿಯಲ್ಲಿ ಹೋಗುವವರೆಲ್ಲ ನಮ್ಮೂರಿನವರೇ.

ಮರುದಿನ ಬೆಳಿಗ್ಗೆ ಊರಿನ ಹೋಟೆಲಿನಲ್ಲಿ ಡಬ್ಬಿಯನ್ನು ಧೊಪ್ಪೆಂದು ಇಟ್ಟು, ಪಕ್ಕದ ಕುರ್ಚಿಯ ಗಸ್ ಪಾಲ್ಕೋನ ಮೇಲೆ ಹರಿಹಾಯ್ದಳು. ಗಸ್ ಬಡಗಿ, ಅವಳ ಓರಗೆಯವನು. ನಿಮ್ಮ ಹಾಳು ಪೆನ್ನುಗಳಿಂದ ನನ್ನ ಹುಡುಗಿಯರಿಗೆ ಮೈದಾನ ಇಲ್ಲದ ಹಾಗಾಯಿತು ಎಂದು ಬೈದಳು. ಅವಳೂ ಅದೇ ಪೆನ್ನು ಹಿಡಿದಿದ್ದಳೆಂಬುದು ಬೇರೆ ಮಾತು. ಗಸ್ ಬೈಗುಳಕ್ಕೆ ಕಿವಿಗೊಡದೆ ಡಬ್ಬಿಯೊಳಗೆ ಕೈ ಹಾಕಿ ಕೆದಕಿ ಒಂದು ಕಾರ್ಡು ತೆಗೆದ. ಹಿಂದೆ ಗೀಟು ಹೊಡೆಸಿಕೊಂಡ ಜಿ.ಪಿ. ಎಂಬ ಅಕ್ಷರಗಳಿದ್ದವು. ಮುಂದಿನ ತಟ್ಟೆಯಲ್ಲಿದ್ದ ಮೊಟ್ಟೆ ತಣ್ಣಗಾದದ್ದೂ ಅವನಿಗೆ ತಿಳಿಯಲಿಲ್ಲ.

"ಇದು ನಂದು ಕಣೇ," ಎಂದ. "ನಮ್ಮಮ್ಮ ಎಲ್ಲಾನೂ ಎಸೆದುಬಿಟ್ಳು ಅನ್ಕೊಂಡಿದ್ದೆ. ಇದನ್ನ ನಂಗೆ ಕೊಡೇ."

"ಗೆದ್ದಿದ್ದನ್ನ ಪುಕ್ಕಟೆ ಕೊಡೋ ಪದ್ಧತಿ ಇಲ್ಲ," ಎಂದಳು ವರ್ನಾ. "ಬದಲಿಗೆ ಏನು ಕೊಡ್ತೀಯ ಹೇಳು."

ಕೇಳುವಾಗ ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ, ಹಳೆಯ ಅಭ್ಯಾಸಕ್ಕೆ ನಾಲಿಗೆ ಆಡಿತ್ತು. ಗಸ್ ಮಾತ್ರ ತಲೆ ಕೆರೆದುಕೊಂಡು, ಮೈದಾನದ ಆ ಮಾಡು ಮತ್ತೆ ಕಟ್ಟಿ ಕೊಡುತ್ತೇನೆ ಎಂದುಬಿಟ್ಟ.

ಸುದ್ದಿಗೆ ಕಾಲು ಬಂತು. ತಲೆ ನೆರೆತವರು, ಮಂಡಿ ಸವೆದವರು, ಒಬ್ಬೊಬ್ಬರಾಗಿ ವರ್ನಾಳ ಹಿತ್ತಲ ಬಾಗಿಲಿಗೆ ಬರತೊಡಗಿದರು. ಡಬ್ಬಿ ಕೆದಕಿ ತಮ್ಮ ಅಕ್ಷರ ಹುಡುಕಿಕೊಂಡರು, ಹಳೆಯ ಹುಡುಗರ ಹಾಗೇ ಚೌಕಾಸಿ ಮಾಡಿದರು. ಒಬ್ಬ ಎರಡು ಕಾರ್ಡಿಗೆ ಒಂದು ಲಾರಿ ಕೆಂಪು ಮಣ್ಣು ಹಾಕಿಸಿದ, ಇನ್ನೊಬ್ಬ ಬೆಂಚುಗಳಿಗೆ ಬಣ್ಣ ಹೊಡೆದ. ವ್ಯಾಪಾರಿಯ ಕಣ್ಣಿಗೆ ಕಸವಾಗಿದ್ದ ಶಾಯಿಯೇ ಇವರಿಗೆ ಬೇಕಾಗಿತ್ತು. ವರ್ನಾ ವರ್ಷಗಳಿಂದ ಇಷ್ಟು ನಕ್ಕಿರಲಿಲ್ಲ.

ಉಳಿದದ್ದು ಜಾಲರಿ. ಅದಕ್ಕೆ ವೆಲ್ಡಿಂಗ್ ಆಗಬೇಕು, ಊರಿನಲ್ಲಿ ಆ ಕೆಲಸ ಬಲ್ಲವನು ಆಂಡಿ ಹ್ರಿಟ್ಸ್ ಒಬ್ಬನೇ. ಆಂಡಿಗೂ ವರ್ನಾಗೂ ಮಾತು ಬಿಟ್ಟು ಅರವತ್ತು ವರ್ಷದ ಮೇಲಾಗಿತ್ತು. ಒಂದೇ ಹೋಟೆಲಿನಲ್ಲಿ ಎದುರುಬದುರು ಕೂತರೂ, ಆ ಹೆಂಗಸಿನ ಮುಂದಿರುವ ಉಪ್ಪು ಕೊಡಿಸು ಎಂದು ಬಡಿಸುವವಳ ಮೂಲಕ ಕೇಳುವ ಆಸಾಮಿ ಅವನು. ಜಗಳದ ಮೂಲ ಒಂದು ಕಾರ್ಡು. ಆಂಡಿಯ ಸೋದರಮಾವ ಜೋ ಮಿಹಾಲಿಕ್ ಬೇಸ್‌ಬಾಲಿನ ದೊಡ್ಡ ಲೀಗಿನಲ್ಲಿ ಒಂದೇ ಒಂದು ಬೇಸಿಗೆ ಆಡಿ, ಮತ್ತೆ ಉಕ್ಕಿನ ಕಾರ್ಖಾನೆಗೆ ಮರಳಿದವನು. ಅವನದೂ ಒಂದು ಕಾರ್ಡು ಬಂದಿತ್ತು. ಎಲ್ಲವನ್ನೂ ಸೋತ ಆಂಡಿ, ಹುಡುಗಿಯ ಮುಂದೆ ಸೋತೆ ಎನ್ನಲಾರದೆ ಕೊನೆಗೆ ಮಾವನ ಕಾರ್ಡನ್ನೇ ಗೋಡೆಗೆ ಚಿಮ್ಮಿದ, ಅದನ್ನೂ ಸೋತ. ವರ್ನಾ ಚೆನ್ನಾಗಿ ಜಾರಲೆಂದು ಕಾರ್ಡಿನ ಅಂಚಿಗೆ ಮೇಣ ಉಜ್ಜಿ ಮೋಸ ಮಾಡಿದಳೆಂದು ಮಾರನೆಯ ದಿನ ಬೀದಿಗೆಲ್ಲ ಸಾರಿದ. ಆ ಕಾರ್ಡು ಎಲ್ಲಿ ಬೇಕಾದರೂ ಚಿಲ್ಲರೆ ಕಾಸಿಗೆ ಸಿಗುತ್ತದೆ. ಆಂಡಿ ಇನ್ನೊಂದನ್ನು ಕೊಳ್ಳಲೇ ಇಲ್ಲ.

ವರ್ನಾ ತಾನಾಗಿ ಹೋಗಿ ಕೇಳುವವಳಲ್ಲ. ಮೋಸಗಾತಿ ಎನ್ನಿಸಿಕೊಂಡದ್ದು ಈ ವಯಸ್ಸಿಗೂ ಅವಳ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಏಪ್ರಿಲ್ ಮುಗಿಯುತ್ತಾ ಬಂತು. ಹುಡುಗಿಯರು ಬಂದು ಬಂದು ಬಿದ್ದ ಜಾಲರಿ ನೋಡಿ ಹೋಗುತ್ತಿದ್ದರು. ಅವರ ಮುಖ ನೋಡಲಾರದೆ ಒಂದು ಮಧ್ಯಾಹ್ನ ವರ್ನಾ ತನ್ನ ಹಟವನ್ನು ನುಂಗಿಕೊಂಡು, ಜೋ ಮಿಹಾಲಿಕ್‌ನ ಕಾರ್ಡನ್ನು ಲಕೋಟೆಗೆ ಹಾಕಿಕೊಂಡು ಆಂಡಿಯ ಗ್ಯಾರೇಜಿಗೆ ನಡೆದಳು.

ಆಂಡಿ ಲಕೋಟೆ ನೋಡಿದ, ಮುಟ್ಟಲಿಲ್ಲ. ಸೋತದ್ದನ್ನು ಗೆದ್ದೇ ಪಡೆಯಬೇಕಂತೆ. ಅದೇ ಗೋಡೆಗೆ ಒಂದೇ ಒಂದು ಸಲ ಚಿಮ್ಮೋಣ, ಗೆದ್ದರೆ ಕಾರ್ಡು ನನ್ನದು, ಸೋತರೆ ಜಾಲರಿ ಎಬ್ಬಿಸುತ್ತೇನೆ ಎಂದ. ತಾನು ಸೋತರೆ ಕಾರ್ಡೂ ಹೋಯಿತು, ಆಟವೂ ಹೋಯಿತು. ಆದರೂ ವರ್ನಾ ಒಪ್ಪಿಕೊಂಡಳು.

ಇಬ್ಬರೂ ಡಬ್ಬಿಯಲ್ಲಿ ಉಳಿದಿದ್ದ ಮೂಲೆ ಹರಿದ ಕಾರ್ಡು ಒಂದೊಂದು ಹಿಡಿದು, ಅಗ್ನಿಶಾಮಕ ಠಾಣೆಯ ಹಿಂದೆ ಗೆರೆಯ ಮೇಲೆ ನಿಂತರು. ಆಂಡಿ ತನ್ನ ಕೈಯಾರೆ ವರ್ನಾಳ ಕಾರ್ಡಿನ ನಾಲ್ಕೂ ಅಂಚು ಸವರಿ, ಮೂಸಿ ಕೂಡ ನೋಡಿದ. ಅವನ ಕಾರ್ಡು ಗೋಡೆಗೆ ಒಂದು ಗೇಣು ದೂರದಲ್ಲಿ ನಿಂತಿತು. ವರ್ನಾಳ ಬೆರಳು ಗಂಟುಕಟ್ಟಿ ವರ್ಷಗಳಾಗಿದ್ದವು, ಮಣಿಕಟ್ಟು ಮಾತ್ರ ಮರೆತಿರಲಿಲ್ಲ. ಕಾರ್ಡು ನೆಲದ ಮೇಲೆ ಜಾರಿ ಹೋಗಿ ಗೋಡೆಗೆ ಒರಗಿ ನಿಂತಿತು. ಆಂಡಿ ಬಗ್ಗಿ ಎರಡೂ ಕಾರ್ಡು ಎತ್ತಿ ಅವಳ ಕೈಗಿಟ್ಟ.

"ಮೇಣ ಇರ್ಲಿಲ್ಲ," ಎಂದ. "ಆವತ್ತೂ ಇರ್ಲಿಲ್ಲ ಬಿಡು." ಹಾಗೆಂದು ಗಾಡಿ ಹತ್ತಿ ಉಪಕರಣ ತರಲು ಹೋದ.

ಮೇ ತಿಂಗಳ ಮೊದಲ ಶನಿವಾರ ಹುಡುಗಿಯರು ಸಾಲಾಗಿ ನಿಂತಿದ್ದರು. ಜಾಲರಿ ಆಕಾಶಕ್ಕೆ ಎದ್ದು ನಿಂತಿತ್ತು. ವರ್ನಾ ಲಕೋಟೆ ಹಿಡಿದು ಬಂದಳು. ಸೋತವನಿಗೆ ಪುಕ್ಕಟೆ ಬೇಡ ಎಂದು ಆಂಡಿ ಮುಖ ತಿರುಗಿಸಿದ.

"ಪುಕ್ಕಟೆ ಯಾರು ಕೊಡ್ತಾರೋ ನಿಂಗೆ?" ಎಂದಳು. "ಆವಾಗ ಇದೇ ಮೈದಾನದಿಂದ ನನ್ನ ಓಡಿಸ್ತಿದ್ಯಲ್ಲ? ಈಗ ನಂಗೊಂದು ಚೆಂಡು ಎಸಿ. ಆಮೇಲೆ ಕಾರ್ಡು ತಗೊ."

ಆಂಡಿ ಎಸೆದ. ಸಡಿಲ ಮಾಡಿ ಎಸೆಯಲಿಲ್ಲ, ಅದಕ್ಕೆ ಅವನನ್ನು ಮೆಚ್ಚಬೇಕು. ವರ್ನಾ ಮೈಯೆಲ್ಲ ತಿರುಗಿಸಿ ಬೀಸಿದಳು. ಚೆಂಡು ಬ್ಯಾಟಿನ ಅಂಚಿಗೆ ತಗುಲಿ ಹಿಂದಕ್ಕೆ ಹಾರಿ ಹೊಸ ಬೆಸುಗೆಗೇ ಠಣ್ಣೆಂದು ಬಡಿಯಿತು. ಜಾಲರಿ ಕದಲಲಿಲ್ಲ. ಹುಡುಗಿಯರು ಕೇಕೆ ಹಾಕಿದರು. ತನ್ನ ಬೆಸುಗೆ ತಡೆದದ್ದಕ್ಕೋ ಅವಳ ಬ್ಯಾಟು ತಗುಲಿದ್ದಕ್ಕೋ, ಆಂಡಿಯೂ ನಕ್ಕ.

ಲಕೋಟೆ ಬಿಚ್ಚಿ ಮಾವನ ಮುಖ ನೋಡಿದ. ಅವಳ ಗೀಟನ್ನೂ ಅಕ್ಷರವನ್ನೂ ನೋಡಲು ಮನಸ್ಸು ಗಟ್ಟಿ ಮಾಡಿಕೊಂಡು ಕಾರ್ಡು ತಿರುಗಿಸಿದ. ಎ.ಎಚ್. ಎಂದು ಹುಡುಗನಾಗಿದ್ದಾಗಿನ ಅವನದೇ ವಕ್ರ ಬರಹವಿತ್ತು. ಅದರ ಮೇಲೆ ಗೀಟಿರಲಿಲ್ಲ, ಕೆಳಗೆ ಬೇರೆ ಯಾರ ಅಕ್ಷರವೂ ಇರಲಿಲ್ಲ.

ತಲೆಯೆತ್ತಿ ನೋಡಿದಾಗ ವರ್ನಾ ಆಗಲೇ ಸೀಟಿ ಊದುತ್ತಾ ಹುಡುಗಿಯರನ್ನು ಅವರವರ ಜಾಗಕ್ಕೆ ಅಟ್ಟುತ್ತಿದ್ದಳು.