ಸಾಲೆಹರು ತುಂಬಿದ ತೋಟಾಗಳು

ಅಂಗಿಯ ಗುಂಡಿ ಹೊಲಿಯಲು ಕುಳಿತವನು ನೂಲಿನೊಡನೆ ಜಗಳಕ್ಕಿಳಿದಿದ್ದೇನೆ. ಸೂಜಿಯ ಕಣ್ಣಿನ ಹತ್ತಿರ ಬಂದಾಗಲೆಲ್ಲ ಅದು ಬೇಕೆಂದೇ ಪಕ್ಕಕ್ಕೆ ಸರಿಯುತ್ತದೆ. “ಈಗಿನ ನೂಲೇ ಸರಿಯಿಲ್ಲ” ಎಂದು ಗೊಣಗಿದೆ. ಗೊಣಗಿದ ಮೇಲೆ, ಇಂಥದೇ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿ, ಸೂಜಿ ಹಿಡಿದ ಕೈ ಹಾಗೇ ನಿಂತಿತು.

ಕೆಲವು ವರ್ಷಗಳ ಹಿಂದೆ ನಾನು ಕೊಲ್ಲಿ ನಾಡಿನ ವಾದಿ ಅದಾಯ್‌ನ ಗ್ಯಾರೇಜೊಂದರ ಆಫೀಸಿನಲ್ಲಿದ್ದೆ. ನಮ್ಮ ಕಫೀಲ್, ಅಂದರೆ ವೀಸಾ ಕೊಟ್ಟ ಧಣಿ, ಸಾಲೆಹ್ ಅವರಿಗೆ ರೈಫಲ್ಲಿನಿಂದ ಗುರಿ ಹೊಡೆಯುವ ಹುಚ್ಚು. ಅಂಗಡಿಯ ತೋಟಾ ಅವರಿಗೆ ಆಗದು, ನಮ್ಮ ಅತ್ತೆಗೆ ಪೇಟೆಯ ಸಾರಿನ ಪುಡಿ ಆಗದ ಹಾಗೆ. ಮದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ, ಹಿತ್ತಾಳೆಯ ಕೊಳವೆಗೆ ಸುರಿದು, ಮೇಲೆ ಗುಂಡು ಕೂರಿಸಿ ತಾವೇ ತಯಾರಿಸಬೇಕು. ಶುಕ್ರವಾರ ಬೆಳಿಗ್ಗೆ ಶೂಟಿಂಗ್ ರೇಂಜಿನಲ್ಲಿ ಅದರ ಪರೀಕ್ಷೆ. ಕಾರು ಓಡಿಸಲು ಉಳ್ಳಾಲದ ಹಮೀದ್, ದುರ್ಬೀನಿನಲ್ಲಿ ಗುರಿಹಾಳೆ ನೋಡಿ ವರದಿ ಒಪ್ಪಿಸಲು ನಾನು. ದೀಪಾವಳಿ ಪಟಾಕಿಗೇ ಕಿವಿ ಮುಚ್ಚಿಕೊಳ್ಳುವವನಿಗೆ ಈ ಹುದ್ದೆ ಹೇಗೆ ಸಿಕ್ಕಿತೆಂದು ಮಾತ್ರ ಕೇಳಬೇಡಿ.

ಆ ಬೆಳಗುಗಳು ಈಗ ಕನಸಿನಲ್ಲಿ ಕಂಡವೇನೋ ಅನ್ನಿಸುತ್ತವೆ. ಬೋಳು ಗುಡ್ಡಗಳ ನಡುವಿನ ಬಯಲು, ಏಲಕ್ಕಿ ಹಾಕಿದ ಕಹ್ವಾ ಕಾಫಿಯ ಘಮ. ಬಿಸಿಲೇರಿದಂತೆ ನೆಲದಿಂದ ಝಳವೆದ್ದು, ದೂರದ ಬಿಳಿ ಹಾಳೆ ನೀರಿನೊಳಗಿದ್ದಂತೆ ತೂಗಾಡುತ್ತಿತ್ತು. ಗುಂಡಿನ ಸದ್ದು ಗುಡ್ಡಗಳನ್ನೆಲ್ಲ ಮಾತಾಡಿಸಿಕೊಂಡು ನಿಧಾನವಾಗಿ ನಮ್ಮಲ್ಲಿಗೆ ಮರಳುತ್ತಿತ್ತು. ಐದು ಗುಂಡೂ ಒಂದೇ ಕಡೆ ಗುಂಪಾಗಿ ಬಿದ್ದರೆ ತೋಟಾ ಸರಿಯಿದೆ ಎಂದರ್ಥ. ಆ ವರ್ಷವೋ ಅವು ಮದುವೆ ಮನೆಯ ಬಾಗಿಲಿನ ಚಪ್ಪಲಿಗಳಂತೆ ಚೆಲ್ಲಾಪಿಲ್ಲಿ.

“ಮದ್ದು ಸರಿಯಿಲ್ಲ,” ಎನ್ನುತ್ತಿದ್ದರು ಸಾಲೆಹ್. ಮುಂದಿನ ವಾರ ಗಾಳಿ ಸರಿಯಿರುತ್ತಿರಲಿಲ್ಲ, ಅದರ ಮುಂದಿನ ವಾರ ಹಿತ್ತಾಳೆ.

“ಎಂತ ಮಾರಾಯ್ರೆ, ಪಾಪದ ಮದ್ದಿಗೆ ಎಷ್ಟು ಬೈಯುದು? ಕಣ್ಣು ತೋರಿಸ್ಲಿಕ್ಕೆ ಹೇಳಿ ಒಮ್ಮೆ,” ಎಂದು ಹಮೀದ್ ಪಿಸುಗುಟ್ಟುತ್ತಿದ್ದ.

“ನೀನೇ ಹೇಳು ಮಾರಾಯ. ನನಗೆ ಕೆಲಸ ಬೇಕು.”

ಕೆಲಸದ ಹೆದರಿಕೆ ಒಂದೇ ಅಲ್ಲ. ಗುರಿ ಕಾಣದ ದಿನ ಬಂದೂಕು ಮುಟ್ಟುವುದಿಲ್ಲ ಎಂದು ಅವರು ಆಣೆ ಹಾಕಿದ್ದು ನಮ್ಮಿಬ್ಬರಿಗೂ ಗೊತ್ತಿತ್ತು. ಬಂದೂಕಿಲ್ಲದ ಶುಕ್ರವಾರವನ್ನು ಆ ಮನುಷ್ಯ ಹೇಗೆ ಕಳೆದಾರು?

ಒಂದು ದಿನ ಅವರೇ ಮಗಳು ಮುನಾಳನ್ನು ಕರೆತಂದರು. ತಮ್ಮ ಗುಂಡುಗಳು ಎಂದಿನಂತೆ ಚೆದುರಿದ ಮೇಲೆ ಎದ್ದು, “ಯಲ್ಲಾ, ಬಾ, ಇದೇ ತೋಟಾ, ಇದೇ ಬಂದೂಕು. ಈಗ ನೀನು,” ಎಂದು ಜಾಗ ಬಿಟ್ಟುಕೊಟ್ಟರು. ಅವಳು ಹೊಡೆದಳು. ನಾನು ದುರ್ಬೀನಿಗೆ ಕಣ್ಣಿಟ್ಟೆ. ಸಾಲೆಹ್ ವರದಿ ಕೇಳಲಿಲ್ಲ. ರೇಂಜಿನಲ್ಲಿ ಎಲ್ಲರ ಬಂದೂಕೂ ಕೆಳಗಿಳಿದ ಮೇಲೆ ನಡೆದುಹೋಗಿ ಹಾಳೆಯ ಮೇಲೆ ಬೆರಳಾಡಿಸಿದರು. ನೆಲ್ಲಿಕಾಯಿಯಷ್ಟು ದೊಡ್ಡ, ಒಂದೇ ಹರುಕು ತೂತು.

“ಐದೂ ಇಲ್ಲೇ?”

“ಐದೂ, ಬಾಬಾ.”

ಸಾಲೆಹರ ಮುಖ ಮೊದಲು ಅರಳಿತು, ಆಮೇಲೆ ಕಣ್ಣು ತುಂಬಿತು. “ಮದ್ದು ಸರಿಯೇ ಇದೆ. ಖಲಾಸ್,” ಎಂದು ಬಂದೂಕನ್ನು ಅವಳಿಗೇ ಒಪ್ಪಿಸಿದರು.

ಇನ್ನು ಇವರು ಬರಲಾರರು ಅಂದುಕೊಂಡೆವು. ಮುಂದಿನ ಶುಕ್ರವಾರ ಹೊಸ ತೋಟಾಗಳೊಡನೆ ಬಂದರು. ದೂರದ ಗುರಿ ಕಾಣದಿದ್ದರೇನು, ಹತ್ತಿರದ ತಕ್ಕಡಿ ಕಣ್ಣಿಗೆ ಕಾಣುತ್ತಿತ್ತಲ್ಲ. ಮುನಾ ಹೊಡೆಯುತ್ತಿದ್ದಳು. ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತು, ಗುಡ್ಡಗಳಿಂದ ಸದ್ದು ಮರಳುವುದನ್ನು ಕೇಳುತ್ತಿದ್ದರು.

“ಪಪ್ಪಾ, ಗಿವ್ ಇಟ್ ಟು ಮಿ!” ನನ್ನ ಮಗಳು ಎಷ್ಟು ಹೊತ್ತಿನಿಂದ ಕೈ ಚಾಚಿ ನಿಂತಿದ್ದಳೋ. ಸೂಜಿ ಕೊಟ್ಟೆ. ಒಂದೇ ಸಲಕ್ಕೆ ಪೋಣಿಸಿದಳು. ಸೂಜಿಯ ಕಣ್ಣು ದಾಟಿದ ನೂಲಿನ ಮೇಲೆ ಬೆರಳಾಡಿಸಿದೆ.

“ನೂಲು ಸರಿಯೇ ಉಂಟು ಮಗಾ,” ಎಂದೆ.