ಕೌದಿಯ ಹೊಟ್ಟೆಯಲ್ಲಿದ್ದ ರೊಟ್ಟಿ

ದೆವ್ವ, ಪವಾಡ, ಸೂಚನೆ ಇಂಥವನ್ನೆಲ್ಲ ನಾನು ನಂಬಿದವನಲ್ಲ. ಯಾರಾದರೂ ಹೇಳಲು ಹೊರಟರೆ ನಾಲ್ಕು ಅಡ್ಡಪ್ರಶ್ನೆ ಹಾಕಿ ಬಾಯಿ ಮುಚ್ಚಿಸುವುದರಲ್ಲಿ ನನಗೊಂದು ಖುಷಿಯೂ ಇತ್ತು. ಈಗ ನೀವು ನನ್ನನ್ನು ನೋಡಿ ನಕ್ಕರೆ ಅದು ನ್ಯಾಯವೇ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ನಮ್ಮೂರು ನಿಪ್ಪಾಣಿ ಹತ್ತಿರದ ಅಕ್ಕೋಳ. ನನ್ನ ತಂಗಿ ಶಾಂತಾ ಒಂಬತ್ತು ವರ್ಷದವಳಿದ್ದಾಗ ಜ್ವರ ಬಂದು ತೀರಿಕೊಂಡಳು. ಅವ್ವ ಅವಳ ಲಂಗ, ಪೋಲಕಗಳನ್ನೆಲ್ಲ ಕೂಡಿಸಿ ಒಂದು ಕೌದಿ ಹೊಲಿದಳು. ನಮ್ಮ ಕಡೆ ಕೌದಿ ಮುಗಿಸುವಾಗ ನಡುವೆ ಗೇಣು ಜಾಗ ಬಿಟ್ಟು, ಅದರೊಳಗೆ ರೊಟ್ಟಿಯ ಚೂರಿಟ್ಟು ಹೊಲಿಗೆ ಹಾಕುತ್ತಾರೆ. ಕೌದಿಯ ಹೊಟ್ಟೆ ತುಂಬಿಸುವುದು ಅಂದರೆ ಇದೇ. ‘ಅಕಿಗೆ ಹಸಿವು ತಡಿಯಾಂಗಿಲ್ಲ’ ಎಂದು ಅವ್ವ ಚೂರಲ್ಲ, ಅರ್ಧ ರೊಟ್ಟಿಯನ್ನೇ ಇಟ್ಟಿದ್ದಳು. ಅವ್ವನದು ಎಡಗೈ. ಹೀಗಾಗಿ ಅವಳ ಹೊಲಿಗೆ ಎಲ್ಲರದಕ್ಕಿಂತ ಬೇರೆ ಕಡೆಗೆ ವಾಲುತ್ತಿತ್ತು.

ನಾನು ಕೊಲ್ಹಾಪುರದಲ್ಲಿ ಚಿತ್ರಕಲೆ ಕಲಿತು ಅಲ್ಲೇ ಒಂದು ಗ್ಯಾಲರಿಯಲ್ಲಿ ಕ್ಯುರೇಟರ್ ಆದೆ. ಎಂಬತ್ತರ ದಶಕದ ಕೊನೆಯಲ್ಲಿ ಚಿಕ್ಕೋಡಿ, ರಾಯಬಾಗ, ಅಥಣಿ ಸುತ್ತಿ ಹಳೆಯ ಕೌದಿಗಳನ್ನು ಕೂಡಿಸಿ ಒಂದು ಪ್ರದರ್ಶನ ಇಟ್ಟೆ. ಎಲ್ಲರ ಕಣ್ಣಿಗೆ ಬೀಳುವ ಗೋಡೆಗೆ ಶಾಂತಾಳ ಕೌದಿಯನ್ನೇ ತೂಗುಹಾಕಬೇಕೆಂಬ ಆಸೆ. ಅವ್ವನಿಗೆ ಮನಸ್ಸಿರಲಿಲ್ಲ. ಕಾಡಿ ಬೇಡಿ ಒಪ್ಪಿಸಿದೆ.

“ಒಯ್ಯಪಾ. ಹೊಟ್ಟಿ ಮಾತ್ರ ಬಿಚ್ಚಬ್ಯಾಡ” ಎಂದಳು.

ಬಿಚ್ಚಿದೆ. ತಿನ್ನುವ ವಸ್ತು ಇದ್ದರೆ ಹುಳು ಬಿದ್ದು ಇಡೀ ಸಂಗ್ರಹ ಹಾಳಾಗುತ್ತದೆ ಎಂಬುದು ನಮ್ಮ ಕೆಲಸದ ಮೊದಲ ಪಾಠ. ಕಲ್ಲಿನಂತಾಗಿದ್ದ ಆ ರೊಟ್ಟಿಯನ್ನು ಕಸದ ಬುಟ್ಟಿಗೆ ಹಾಕಿ, ಬಿಳಿ ದಾರದಿಂದ ಹೊಲಿದು ಮುಚ್ಚಿದೆ. ಪ್ರದರ್ಶನಕ್ಕೆ ಹೆಸರು ಬಂತು. ಅದರ ಬಲದ ಮೇಲೆಯೇ ಚಿಕ್ಕೋಡಿಯಲ್ಲಿ ಹೊಸದಾಗಿ ಶುರುವಾದ ಸಣ್ಣ ಮ್ಯೂಸಿಯಮ್ಮಿಗೆ ನನ್ನನ್ನು ನಿರ್ದೇಶಕನಾಗಿ ಕರೆದರು. ಕೌದಿಯೂ ನನ್ನ ಜೊತೆ ಬಂದು ಗಾಜಿನ ಕಪಾಟು ಸೇರಿತು. ದಾಖಲೆಗೆ ಏರಿದ ವಸ್ತು ಹೊರಗೆ ಹೋಗಕೂಡದು ಎಂಬ ನಿಯಮವನ್ನು ಬರೆದವನೂ ನಾನೇ.

ತೊಂಬತ್ತರ ದಶಕದ ನಡುವೆ ಅವ್ವನಿಗೆ ಲಕ್ವಾ ಹೊಡೆದು ಎಡಗೈ ಬಿದ್ದುಹೋಯಿತು. ಚಿಕ್ಕೋಡಿಯ ನಮ್ಮ ಮನೆಗೆ ಕರೆತಂದೆ. ಮೂರು ತಿಂಗಳು ಹಾಸಿಗೆ ಬಿಟ್ಟು ಏಳಲಿಲ್ಲ. ಒಂದು ದಿನ ಅಂದಳು: “ಶಾಂತಾನ ಕೌದಿ ತಂದು ಹೊಚ್ಚಪಾ. ಚಳಿ ಆಗಾಕತ್ತೇತಿ.”

“ಅದು ಈಗ ಮ್ಯೂಸಿಯಮ್ಮಿಂದಬೇ. ತರಾಕ ಬರಂಗಿಲ್ಲ.”

“ಹೊಟ್ಟಿ ಬಿಚ್ಚಿಲ್ಲಲ್ಲಾ?”

“ಇಲ್ಲಬೇ.”

ಅವ್ವ ನನ್ನ ಮುಖವನ್ನೇ ನೋಡಿದಳು. ಅವತ್ತಿನಿಂದ ತಾಟಿನಲ್ಲಿ ಅರ್ಧ ರೊಟ್ಟಿ ಉಳಿಸತೊಡಗಿದಳು. ಜಡ್ಡಿನವರ ಹಟ ಎಂದುಕೊಂಡು ನಾನು ಸುಮ್ಮನಾದೆ. ಹೆತ್ತ ತಾಯಿಗಿಂತ ರಿಜಿಸ್ಟರು ದೊಡ್ಡದಾಗಿತ್ತು ನನಗೆ. ಇದನ್ನು ಬರೆಯುವಾಗ ಇವತ್ತಿಗೂ ನಾಚಿಕೆಯಾಗುತ್ತದೆ.

ಹತ್ತು ದಿನಗಳ ಮೇಲೆ ಡಾಕ್ಟರು ಇನ್ನು ಆಸೆ ಇಲ್ಲ ಎಂದರು. ಆ ಮಧ್ಯಾಹ್ನ ನನಗೆ ತಡೆಯಲಾಗಲಿಲ್ಲ. ನಿಯಮ ಮಣ್ಣುಗೂಡಲಿ ಎಂದು ಮ್ಯೂಸಿಯಮ್ಮಿಗೆ ಹೋಗಿ, ಕಿಸೆಯಲ್ಲಿದ್ದ ಕೀಲಿಯಿಂದ ಕಪಾಟು ತೆರೆದೆ. ಕೌದಿ ಮಡಚುವಾಗ ನಡುವೆ ಏನೋ ಕೈಗೆ ಹತ್ತಿತು. ನಾನು ಹಾಕಿದ್ದ ಬಿಳಿ ದಾರ ಅಲ್ಲಿರಲಿಲ್ಲ. ಕೆಂಪು ದಾರದ ಹೊಲಿಗೆ ಇತ್ತು. ಎಡಗೈಯವರು ಹಾಕಿದ ಹೊಲಿಗೆ. ಎರಡೇ ಎಳೆ ಸಡಿಲಿಸಿ ನೋಡಿದೆ. ಒಳಗೆ ಅರ್ಧ ರೊಟ್ಟಿ ಇತ್ತು. ಒಣಗಿದ್ದಲ್ಲ, ಇನ್ನೂ ಮೆತ್ತಗಿತ್ತು. ಜೋಳದ ವಾಸನೆ ಬರುತ್ತಿತ್ತು.

ಕಾವಲುಗಾರ ಕಲ್ಲಪ್ಪನನ್ನು ಕೂಗಿ, ಕಪಾಟು ಯಾರು ತೆಗೆದಿದ್ದರು ಎಂದು ಕೇಳಿದೆ.

“ಯಾರು ತಗೀತಾರ್ರಿ ಸಾಹೇಬ್ರ? ಕೀಲಿ ನಿಮ್ಮ ಹಂತ್ಯಾಕನ ಐತಲ್ರಿ” ಎಂದ.

ಅವನು ಹೇಳಿದ್ದು ಸರಿ. ಇನ್ನೊಂದು ಕೀಲಿ ಇರಲಿಲ್ಲ. ಗಾಜು ಒಡೆದಿರಲಿಲ್ಲ. ಅವ್ವನಿಗೆ ಸೂಜಿ ಹಿಡಿಯುವುದಿರಲಿ, ಮಗ್ಗಲು ಬದಲಿಸುವ ತ್ರಾಣವೂ ಇರಲಿಲ್ಲ. ನಾನೇ ಮೈಮರೆತು ಮಾಡಿರಬಹುದೇ ಎಂದೂ ಯೋಚಿಸಿದ್ದೇನೆ. ಆದರೆ ಅವಳ ಆ ಹೊಲಿಗೆ ನನ್ನ ಕೈಗೆ ಬರುವುದಿಲ್ಲ. ಆಮೇಲೆ ಎಷ್ಟೋ ಸಲ ಹಳೆಯ ಬಟ್ಟೆಯ ಮೇಲೆ ಹಾಕಿ ನೋಡಿದ್ದೇನೆ, ಬಂದಿಲ್ಲ.

ಕೌದಿ ಒಯ್ದು ಅವ್ವನಿಗೆ ಹೊಚ್ಚಿದೆ. ಸುಳ್ಳು ಹೇಳಿದ್ದೆನೆಂದು ಒಪ್ಪಿಕೊಳ್ಳಲು ಬಾಯಿ ತೆರೆದೆ. ಅಳು ಬಂತು. ಅವಳು ಬಲಗೈಯಿಂದ ಕೌದಿಯ ನಡುಭಾಗ ಸವರಿದಳು. ಆಮೇಲೆ ನನ್ನ ಕಡೆ ಕಣ್ಣು ಹೊರಳಿಸಿ, “ನೀ ಉಂಡಿಯೇನಪಾ?” ಎಂದಳು.

ಬೆಳಿಗ್ಗೆಯಿಂದ ನನ್ನ ಹೊಟ್ಟೆಗೆ ಹನಿ ನೀರೂ ಬಿದ್ದಿರಲಿಲ್ಲ.

“ಉಂಡೀನಬೇ” ಎಂದೆ.

ಅವ್ವ ಕಣ್ಣು ಮುಚ್ಚಿದಳು. ಮತ್ತೆ ತೆರೆಯಲಿಲ್ಲ. ನಾನು ಅವಳಿಗೆ ಹೇಳಿದ ಕೊನೆಯ ಮಾತೂ ಸುಳ್ಳೇ ಆಯಿತು.